ಗುಂಡುಸೂಜಿಯ ತಲೆಯಷ್ಟು ಜಾಗ

ಡೊಂಬಿವಲಿಯಲ್ಲಿ ಎಸಿ ಲೋಕಲ್ ಹತ್ತಿದ್ದೀರಿ. ಬಾಗಿಲು ಮುಚ್ಚುತ್ತದೆ. ಮಲ್ಲಿಗೆ, ಬೆವರು, ಯಾರದೋ ಡಬ್ಬಿಯ ಬೆಳ್ಳುಳ್ಳಿ ವಾಸನೆಯ ಮೇಲೆ ತಣ್ಣನೆ ಗಾಳಿ ಸುರಿಯುತ್ತದೆ. ಉಳಿದವರಿಗೆ ಅದು ಸುಖ. ನೀವು ಮಾತ್ರ ಎಡಗೈಯ ಉಂಗುರ ಬೆರಳನ್ನು ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಒತ್ತಿಕೊಳ್ಳುತ್ತೀರಿ. ತಡವಾಯಿತು. ಉಗುರಿನ ಬುಡದಿಂದ ಎದ್ದ ಛಳುಕು ಮೊಣಕೈವರೆಗೆ ಹರಿದು ಕಣ್ಣಲ್ಲಿ ನೀರು ತರಿಸುತ್ತದೆ. ಪಕ್ಕದವರ ಬ್ಯಾಗು ತಾಗದಿದ್ದರೆ ಸಾಕು, ದೇವರೇ.

ವರ್ಷಗಳಿಂದ ಹೀಗೇ. ಕಲ್ಯಾಣದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಒಬ್ಬರು ಕುತ್ತಿಗೆಯ ನರ ಎಂದರು, ಇನ್ನೊಬ್ಬರು ವಾತ ಎಂದರು, ಕೊನೆಗೆ ಮನಸ್ಸಿನದು ಎಂದೂ ಆಯಿತು. ನಂಬುವವರಿಲ್ಲದ ನೋವು ಎರಡು ಪಟ್ಟು ಉರಿಯುತ್ತದೆ.

ಠಾಣೆಯ ಈ ಕ್ಲಿನಿಕ್ಕಿನಲ್ಲಿ ಸ್ಪಿರಿಟ್ಟಿನ ವಾಸನೆ. ಕೈ ಸರ್ಜನ್ ಉಗುರಿನ ಮೇಲೆ ಬೆಳಕು ಹಿಡಿಯುತ್ತಾರೆ. ಬುಡದಲ್ಲಿ ನಸುನೀಲಿ ಮಚ್ಚೆ, ನೀವೇ ಎಂದೂ ಗಮನಿಸದ್ದು. "ತಾಈ, ಸ್ವಲ್ಪ ತಡ್ಕೊಳ್ಳಿ" ಎಂದು ಮರಾಠಿಯಲ್ಲಿ ಹೇಳಿ ಗುಂಡುಸೂಜಿ ಎತ್ತಿಕೊಳ್ಳುತ್ತಾರೆ. ಚೂಪು ಕಡೆಯಲ್ಲ, ತಲೆಯ ಕಡೆ. ಅಂಚಿನಲ್ಲಿ ಒತ್ತುತ್ತಾರೆ. ಏನಿಲ್ಲ. ನಡುವೆ. ಏನಿಲ್ಲ. ಇನ್ನೊಂದು ಕೂದಲೆಳೆ ಒಳಗೆ...

"ಎವ್ವಾ!"

ಕಿರುಚಿದ್ದು ನಿಮ್ಮೂರಿನ ಕನ್ನಡದಲ್ಲಿ. ಸರ್ಜನ್ ತಲೆಯಾಡಿಸುತ್ತಾರೆ. ಅವರು ನಂಬಿದ್ದಾರೆ. ಮೇಯೋ ಕ್ಲಿನಿಕ್ಕಿನ ಗ್ರಾಫ್ಟನ್ ಲವ್ 1944ರಲ್ಲಿ ಬರೆದಿಟ್ಟ ಪರೀಕ್ಷೆಯಿದು. ದುಬಾರಿ ಯಂತ್ರಕ್ಕೂ ಮೊದಲು ಪ್ರತಿ ವೈದ್ಯನೂ ಮಾಡಲೇಬೇಕಾದದ್ದು. ಇನ್ನೊಂದಿದೆ. ಕೈ ಮೇಲೆತ್ತಿಸಿ, ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಬೆರಳು ಬಿಳಿಚುತ್ತದೆ. ಅದೇ ಜಾಗ ಒತ್ತಿದರೆ ನೋವೇ ಇಲ್ಲ! ಗಾಳಿ ಬಿಡುತ್ತಾರೆ, ರಕ್ತ ನುಗ್ಗುತ್ತದೆ, ಅದರೊಂದಿಗೆ ನೋವೂ ನುಗ್ಗುತ್ತದೆ.

ಗ್ಲೋಮಸ್ ಗಡ್ಡೆ. ಬೆರಳ ತುದಿಯಲ್ಲಿ ರಕ್ತದ ಹರಿವನ್ನು ಹಿಗ್ಗಿಸಿ ಕುಗ್ಗಿಸಿ ಮೈಶಾಖ ಕಾಯುವ, ಗ್ಲೋಮಸ್ ಎಂಬ ಪುಟ್ಟ ರಚನೆಗಳಿವೆ. ಅವುಗಳ ಜೀವಕೋಶಗಳೇ ಬೆಳೆದು ಗಡ್ಡೆಯಾಗುತ್ತವೆ ಎಂದು 1924ರಲ್ಲಿ ರೋಗಶಾಸ್ತ್ರಜ್ಞ ಪಿಯರ್ ಮ್ಯಾಸನ್ ತೋರಿಸಿದರು. ಚಳಿಗೆ ಸಿಡಿಯುವುದು ಇದೇ. ಕೈಯ ಗಡ್ಡೆಗಳಲ್ಲಿ ನೂರಕ್ಕೆ 1ರಿಂದ 5 ಮಾತ್ರ ಇಂಥವು. ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಎಂಆರ್‌ಐಯಲ್ಲಿ ಕೆಲವೇ ಮಿಲಿಮೀಟರಿನ ಬಿಳಿ ಚುಕ್ಕೆ ಹೊಳೆಯುತ್ತದೆ.

ಮಾತ್ರೆಯಿಂದ ಹೋಗದು, ತೆಗೆಯಲೇಬೇಕು. ಆದರೆ ಅದು ಕೂತಿರುವುದು ಉಗುರು ಹುಟ್ಟುವ ಬುಡದ ಕೆಳಗೆ. ಅಲ್ಲಿ ಹೆಚ್ಚು ಕೊಯ್ದರೆ ಉಗುರು ಶಾಶ್ವತವಾಗಿ ಸೀಳಿ ಬೆಳೆಯಬಹುದು. ಹೆದರಿ ಚೂರು ಬಿಟ್ಟರೆ ನೋವು ಮರಳಿ ಬರುತ್ತದೆ. ಒಪ್ಪಿಗೆ ಪತ್ರ ಮುಂದಿದೆ. ಸೊಟ್ಟ ಉಗುರಿನೊಂದಿಗೆ ಬದುಕಬಹುದು, ಈ ನೋವಿನೊಂದಿಗೆ ಇನ್ನಾಗದು. ಸಹಿ ಹಾಕುತ್ತೀರಿ.

ಬೆರಳ ಬುಡಕ್ಕೆ ಸೂಜಿ. ಉರಿ, ಭಾರ, ಆಮೇಲೆ ಬೆರಳು ನಿಮ್ಮದಲ್ಲ. ರಕ್ತ ತಡೆಯಲು ರಬ್ಬರ್ ಬಿಗಿಯುತ್ತಾರೆ; ರಕ್ತ ಕವಿದರೆ ಗಡ್ಡೆ ಕಾಣದು. ಚಪ್ಪಟೆ ಉಪಕರಣ ಉಗುರಿನಡಿ ಜಾರುತ್ತದೆ. ನೋವಿಲ್ಲ, ಆದರೆ ಸದ್ದಿದೆ. ಉಗುರು ಕಿತ್ತು ಬರುವ ಆ ಒದ್ದೆ ಸದ್ದು ಹೊಟ್ಟೆಯಲ್ಲಿ ಕೇಳುತ್ತದೆ. ಪರದೆಯಾಚೆ ಸರ್ಜನ್ ಉಸಿರು ಬಿಗಿಹಿಡಿದಿದ್ದಾರೆ. ಒಂದು ಉದ್ದ ಗೀರು. ಬಿಡಿಸು. ಇನ್ನಷ್ಟು. ಬಂತು!

ಸಾಸಿವೆಗಿಂತ ತುಸು ದೊಡ್ಡ, ಬೂದುಗೆಂಪಿನ ಉಂಡೆ. ಇಷ್ಟೇನಾ? ನಿಮಗೆ ಸಿಟ್ಟು ಬರುತ್ತದೆ. ಅದು ಫಾರ್ಮಲಿನ್ ಬಾಟಲಿಯೊಳಗೆ ಬಯಾಪ್ಸಿಗೆ ಹೋಗುತ್ತದೆ. ಕರಗುವ ಸಣ್ಣ ದಾರದಲ್ಲಿ ಹೊಲಿಗೆ, ಮೇಲೆ ಅದೇ ಉಗುರಿನ ಮುಚ್ಚಳ. ಹೊಸ ಉಗುರು ಪೂರ್ತಿ ಬರಲು ಸುಮಾರು ಆರು ತಿಂಗಳು.

ರಾತ್ರಿ, ಮನೆಯಲ್ಲಿ, ಮರಗಟ್ಟಿದ್ದು ಇಳಿಯುತ್ತಿದೆ. ದಿಂಬಿನ ಮೇಲೆ ಕೈ ಎತ್ತಿಟ್ಟು ಕಾಯುತ್ತೀರಿ: ಬರುವುದು ಯಾವ ನೋವು? ಎದೆಬಡಿತದ ಲಯದಲ್ಲಿ ಹೊಲಿಗೆ ಮಿಡಿಯತೊಡಗುತ್ತದೆ. ಮಂದ ನೋವು, ಬೆರಳಷ್ಟೇ ಅಗಲದ್ದು. ಮೊಣಕೈಗೆ ಹರಿಯುವುದಿಲ್ಲ. ಇದು ಗಾಯದ ನೋವು. ಮಾತ್ರೆ ನುಂಗುತ್ತೀರಿ, ಅದು ಇಳಿಯುತ್ತದೆ.