ಲೆಕ್ಕದ ಮೇಷ್ಟ್ರ ಕ್ಯಾಲೆಂಡರ್

ನಮ್ಮ ಮೇಷ್ಟ್ರು ತೀರಿಕೊಂಡು ಈ ತಿಂಗಳಿಗೆ ಒಂದು ವರ್ಷ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ, ಅಂದರೆ ಫ್ಯಾಮಿಲಿ ಕೋರ್ಟಿಗೆ ಅಲೆದ ನನ್ನಂಥ ಅನೇಕರಿಗೆ ಅವರ ಗುರುತಿದೆ. ಲಾಯರಲ್ಲ, ಕೋರ್ಟಿನ ಸಿಬ್ಬಂದಿಯೂ ಅಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಡೈವೋರ್ಸ್ ಆದರೂ ಮಗುವಿಗೆ ಅಪ್ಪ, ಅಮ್ಮ ಇಬ್ಬರೂ ಬೇಕು ಅಂತ ಹೇಳೋದಕ್ಕೇ ಬರುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ತುಂಬಾ ಬಲವಂತ ಮಾಡಿದರೆ ಬೈ-ಟು ಕಾಫಿ, ಅಷ್ಟೇ.

ನನ್ನ ಮಗಳಿಗೆ ಆಗ ಏಳು ವರ್ಷ. ಅಪ್ಪನ ಮನೆಗೆ ಹೋದವಳು ವಾಪಸ್ ಬರದಿದ್ದರೆ ಅನ್ನೋ ಭಯ ನನಗೆ. ವಾರಕ್ಕೊಂದು ಗಂಟೆಯ ಭೇಟಿಯಲ್ಲಿ ಮಗಳು ತನ್ನನ್ನು ಮರೆತೇಬಿಟ್ಟರೆ ಅನ್ನೋ ಭಯ ಅವಳಪ್ಪನಿಗೆ. ಮೇಷ್ಟ್ರು ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಂಡರು. ಯಾರನ್ನೂ ಬೈಯಲಿಲ್ಲ.

ಕಾನೂನನ್ನು ಅವರು ಬಿಡಿಸಿ ಹೇಳುತ್ತಿದ್ದ ರೀತಿ ಇನ್ನೂ ನೆನಪಿದೆ. “ನೋಡಮ್ಮಾ, 1956ರ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಲಿ ಅನ್ನುತ್ತೆ. ಆದರೆ ಎಲ್ಲದಕ್ಕಿಂತ ಮೇಲೆ ಇರೋದು ಮಗುವಿನ ಹಿತ. 2013ರಲ್ಲಿ ನಮ್ಮ ಹೈಕೋರ್ಟೇ ಒಂದು ಕೇಸಿನಲ್ಲಿ ಆರು ತಿಂಗಳು ತಂದೆ ಹತ್ತಿರ, ಆರು ತಿಂಗಳು ತಾಯಿ ಹತ್ತಿರ ಅಂತ ಹೇಳಿದೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಅವಕಾಶ ಇರಲಿ ಅಂತ ಶಿಫಾರಸು ಮಾಡಿದೆ. ಕಾಯ್ದೆ ತಿದ್ದುಪಡಿ ಆಗೋವರೆಗೆ ಮಗು ಕಾಯುತ್ತಾ? ಅದು ಬೆಳೆದುಬಿಡುತ್ತೆ!”

ಆಮೇಲೆ ಚೀಲದಿಂದ ಕ್ಯಾಲೆಂಡರ್ ತೆಗೆದರು. ಶಾಲೆ ಇರೋ ದಿನ ನನ್ನ ಮನೆ, ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಅಪ್ಪನ ಮನೆ. ದಸರಾ ಅಲ್ಲಿ, ದೀಪಾವಳಿ ಇಲ್ಲಿ, ಮುಂದಿನ ವರ್ಷ ಅದಲುಬದಲು. ಬೇಸಿಗೆ ರಜೆ ಸಮಪಾಲು. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗೋ ಮುಂಚೆ ಇನ್ನೊಬ್ಬರಿಗೆ ಫೋನ್. ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ. ಚೀಟಿ ತರೋದು, ದೂರು ಹೇಳೋದು ಮಗುವಿನ ಕೆಲಸ ಅಲ್ಲ. ಮಧ್ಯಸ್ಥಿಕೆಯಲ್ಲಿ ನಾವು ಸಹಿ ಹಾಕಿದ ಒಪ್ಪಂದ ಬಹುಪಾಲು ಇದೇ.

ಮೆತ್ತಗಿನ ಮನುಷ್ಯ ಅಂದುಕೊಳ್ಳಬೇಡಿ. ಜೀವನಾಂಶ ಉಳಿಸೋಕೆ ಅರ್ಧ ದಿನ ಕೇಳಲು ಬಂದ ಒಬ್ಬರಿಗೆ “ಸ್ವಾಮಿ, ನೀವು ಮಗು ಕೇಳ್ತಿದ್ದೀರೋ, ರಿಯಾಯಿತಿ ಕೇಳ್ತಿದ್ದೀರೋ?” ಅಂತ ಎಲ್ಲರೆದುರೇ ಕೇಳಿದ್ದರು. ಮೈಮೇಲೆ ಬಾಸುಂಡೆ ಇದ್ದ ಹೆಣ್ಣುಮಗಳೊಬ್ಬಳು ಬಂದಾಗ ಕ್ಯಾಲೆಂಡರ್ ಹೊರಗೇ ತೆಗೆಯಲಿಲ್ಲ. “ಹೊಡೆತ ಇರೋ ಮನೆಗೆ ನನ್ನ ಲೆಕ್ಕ ಹೊಂದಲ್ಲ, ಮೊದಲು ನಿಮ್ಮಿಬ್ಬರ ಜೀವ ನೋಡಿಕೊಳ್ಳಮ್ಮ” ಅಂದು ಉಚಿತ ಕಾನೂನು ನೆರವಿನ ಕಚೇರಿಗೆ ತಾವೇ ಕರೆದುಕೊಂಡು ಹೋದರು.

ಸ್ವಂತ ವಿಷಯ ಕೇಳಿದರೆ ಮಾತು ಹಾರಿಸುತ್ತಿದ್ದರು. ಅವರಿಗೊಬ್ಬ ಮಗ ಇದ್ದಾನೆ, ಚಿಕ್ಕವನಿದ್ದಾಗಲೇ ದೂರವಾದ ಅಂತ ನಮಗೆ ಗೊತ್ತಾಗಿದ್ದು ಅವರು ಹೋದ ಮೇಲೆ. ವೈಕುಂಠ ಸಮಾರಾಧನೆಗೆ ಆತ ಬಂದಿದ್ದರು. ಅಪ್ಪನ ಬಗ್ಗೆ ನಮ್ಮನ್ನೇ ಒಬ್ಬೊಬ್ಬರನ್ನಾಗಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಏನು ತಿಂಡಿ ಇಷ್ಟಪಡುತ್ತಿದ್ದರು, ನಗುತ್ತಿದ್ದರಾ ಅಂತ.

ನನ್ನ ಮಗಳಿಗೆ ಈಗ ಹದಿನಾಲ್ಕು. ನಾನೂ ಅವಳಪ್ಪನೂ ಸ್ನೇಹಿತರೇನೂ ಆಗಿಲ್ಲ, ಮಾತು ಎಷ್ಟು ಬೇಕೋ ಅಷ್ಟೇ. ಆದರೆ ಯಾವ ಫಾರಂ ಕೊಟ್ಟರೂ ಅವಳು ವಿಳಾಸದ ಜಾಗದಲ್ಲಿ ಎರಡೂ ಮನೆ ಬರೆಯುತ್ತಾಳೆ. ಜಾಗ ಸಾಲದಿದ್ದರೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ.