ಮನೆಯಲ್ಲಿ ಅಂಬೇಡಕರರ ಪಾಠ

ಮಹಾಪುರುಷರ ಪರಿಚಯವನ್ನು ಮಕ್ಕಳಿಗೆ ಮಾಡಿಕೊಡುವ ಭಾರವನ್ನು ನಾವು ಬಹುಮಟ್ಟಿಗೆ ಶಾಲೆಗೇ ಬಿಟ್ಟುಕೊಟ್ಟಿದ್ದೇವೆ. ಏಪ್ರಿಲ್ ೧೪ರಂದು ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಮಕ್ಕಳು ಬಾಯಿಪಾಠದ ಭಾಷಣವನ್ನೊಪ್ಪಿಸಿ, ಪೇಢೆ ತಿಂದು ಮನೆಗೆ ಬರುತ್ತಾರೆ. ಡಾ. ಭೀಮರಾವ ಅಂಬೇಡಕರರು ಸಂವಿಧಾನವನ್ನು ರಚಿಸಿದರೆಂಬುದು ಅವರಿಗೆ ಗೊತ್ತು. ಏತಕ್ಕಾಗಿ ಜೀವಮಾನವೆಲ್ಲ ಹೆಣಗಿದರೆಂಬುದು ಗೊತ್ತಿಲ್ಲ. ಈ ಕೊರತೆಯನ್ನು ಮನೆಯೇ ತುಂಬಬೇಕೆಂದು ಬಗೆದು, ಘಟಪ್ರಭೆಯ ನಮ್ಮ ಮನೆಯಲ್ಲಿ ಕೆಲವು ರವಿವಾರದ ಸಂಜೆಗಳನ್ನು ಅದಕ್ಕಾಗಿ ಮೀಸಲಿಟ್ಟೆವು.

ಮೊದಲನೆಯ ಸಂಜೆ ರೈಲುದಾರಿಯ ನಕಾಶೆಯನ್ನು ಹಾಸಿದೆವು. ನಮ್ಮೂರಿನಿಂದ ಮೀರಜದ ಮೇಲೆ ಪುಣೆಗೆ ಹೋಗುವ ಹಾದಿಯಲ್ಲಿ, ಕರಾಡ ದಾಟಿದ ಮೇಲೆ, ಮಸೂರವೆಂಬ ಚಿಕ್ಕ ಸ್ಟೇಶನ್ನಿದೆ. ಮಕ್ಕಳು ಬೆರಳಿಟ್ಟು ಅದನ್ನು ಹುಡುಕಿದರು. ೧೯೦೧ರಲ್ಲಿ ಒಂಬತ್ತು-ಹತ್ತು ವರುಷದ ಭೀಮರಾವನು, ಅಣ್ಣ ಮೊದಲಾದ ಮನೆಯ ಹುಡುಗರೊಡನೆ, ಗೋರೆಗಾಂವದಲ್ಲಿದ್ದ ತಂದೆಯನ್ನು ಕಾಣಲೆಂದು ಇಲ್ಲಿಯೇ ಇಳಿದನು. ಜಾತಿ ತಿಳಿದೊಡನೆ ಸ್ಟೇಶನ್ ಮಾಸ್ತರರ ಮೋರೆ ಬದಲಾಯಿತು, ಚಕ್ಕಡಿಯವರಾರೂ ಬರಲೊಲ್ಲರು. ಕಡೆಗೊಬ್ಬನು ಇಮ್ಮಡಿ ಬಾಡಿಗೆಗೆ ಒಪ್ಪಿದನು. ಆದರೆ ಹುಡುಗರೇ ಎತ್ತು ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂದನು. ರಾತ್ರಿಯಾಯಿತು. ಕೈಯಲ್ಲಿ ಬುತ್ತಿಯಿತ್ತು, ಸುಂಕದ ಕಟ್ಟೆಯಲ್ಲಿ ಕೇಳಿದರೂ ನೀರು ದೊರೆಯಲಿಲ್ಲ. ಹುಡುಗರು ಉಪವಾಸ ಮಲಗಿದರು. ಅವರ ತಂದೆ ದುಡಿಯುತ್ತಿದ್ದುದಾದರೋ ಬರಗಾಲದ ಜನರಿಗೆ ಕೂಲಿ ದೊರಕಿಸಲೆಂದು ಕೆರೆ ಅಗೆಸುವ ಕೆಲಸದಲ್ಲಿ!

ಎರಡನೆಯ ಸಂಜೆ ಮಕ್ಕಳು ಮಂಚವನ್ನೇ ಚಕ್ಕಡಿ ಮಾಡಿಕೊಂಡು ಈ ಕಥೆಯನ್ನು ಆಡಿದರು. ಭೀಮರಾವನಾಗಲು ಎಲ್ಲರೂ ಮುಂದು. ನೀರಿಲ್ಲವೆನ್ನುವ ಸುಂಕದವನಾಗಲು ಒಬ್ಬರೂ ಒಪ್ಪರು. ಚೀಟಿ ಎತ್ತಬೇಕಾಯಿತು. ಆಟ ಮುಗಿದ ಮೇಲೆ ಕಿರಿಯ ಮಗಳು ಕೇಳಿದಳು: "ಮೊನ್ನೆ ಆಚೆ ಓಣಿಯವರು ಕಟ್ಟಿಗೆ ಒಡೆಯುವ ಕಾಕಾನಿಗೆ ತಂಬಿಗೆ ಕೊಡಲಿಲ್ಲ, ಮೇಲಿಂದ ಬೊಗಸೆಗೆ ನೀರು ಹೊಯ್ದರು. ಅದೂ ಇದೇ ಏನು?"

ಮನೆಯ ಹಿರಿಯರು, "ಇಷ್ಟು ಚಿಕ್ಕವರಿಗೆ ಇಂಥ ಮಾತೇಕೆ?" ಎಂದರು. ಅಂದು ಬಾಯಾರಿ ಮಲಗಿದವನೂ ಇಷ್ಟೇ ಚಿಕ್ಕವನಿದ್ದನೆಂದು ನಾವು ವಿನಯದಿಂದ ಅರಿಕೆ ಮಾಡಿದೆವು. ಮಗಳಿಗೆ, "ಅಹುದು, ಅದೂ ಇದೇ" ಎಂದೆವು. ಮಕ್ಕಳ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ ಕಥೆ ಹೇಳಿಯೂ ವ್ಯರ್ಥ.

ಮೂರನೆಯ ಸಂಜೆ ಮುಂದಿನ ಚರಿತ್ರವನ್ನು ಹೇಳಿದೆವು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರೆನಿಸಿದವರಿಗೂ ಮುಕ್ತವಾಗಬೇಕೆಂದು ಮುಂಬಯಿ ಇಲಾಖೆಯ ವಿಧಿಮಂಡಲವು ೧೯೨೩ರಲ್ಲಿಯೇ ಠರಾವು ಮಾಡಿತ್ತು. ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಆ ಇಲಾಖೆಯಲ್ಲಿದ್ದಿತು. ಠರಾವು ಬಹುತೇಕ ಕಾಗದದಲ್ಲಿಯೇ ಉಳಿಯಿತು. ೧೯೨೫ರಲ್ಲಿ ಅಂಬೇಡಕರರು ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ೧೯೨೭ರ ಮಾರ್ಚ್ ೨೦ರಂದು ಮಹಾಡದಲ್ಲಿ ಸಹಸ್ರಾರು ಜನರೊಡನೆ ಚವದಾರ ಕೆರೆಗೆ ನಡೆದು, ಅದರ ನೀರನ್ನು ಕುಡಿದು, ಠರಾವಿನ ಮಾತನ್ನು ಕೃತಿಗಿಳಿಸಿದರು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೫ನೆಯದು ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಹೇಳುತ್ತದೆ. ಮಸೂರದ ದಾರಿಯಲ್ಲಿ ಬಾಯಾರಿದ್ದ ಹುಡುಗನನ್ನು ಕಂಡ ಮಕ್ಕಳಿಗೆ ಆ ಶಬ್ದಗಳ ಅರ್ಥವನ್ನು ಬೇರೆ ಹೇಳಬೇಕಾಗಲಿಲ್ಲ. ಎರಡೂ ವಿಧಿಗಳನ್ನು ದಪ್ಪಕ್ಷರದಲ್ಲಿ ಬರೆದು ನೀರಿನ ಕೊಡಗಳ ಮೇಲಿನ ಗೋಡೆಗೆ ಅಂಟಿಸಿದರು.

ಈಗ ಬಾಗಿಲಿಗೆ ಬಂದವರಿಗೆ ನೀರು ಕೊಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದ್ದೇವೆ. ಬಂದವರು ಯಾರೇ ಇರಲಿ, ಮನೆಮಂದಿ ಕುಡಿಯುವ ತಂಬಿಗೆಯಲ್ಲಿಯೇ ಕೊಡತಕ್ಕದ್ದು. ಓದುಗ ಬಂಧುಗಳೂ ಭಗಿನಿಯರೂ ಈ ಆಟವನ್ನು ತಮ್ಮ ಮನೆಯಲ್ಲಿ ಆಡಿಸಬಹುದು. ಆದರೆ ಅದಕ್ಕೂ ಮೊದಲು ಹಿತ್ತಲ ಗೂಡಿನಲ್ಲಿ ಬೇರೆ ಇಟ್ಟ ಲೋಟವೇನಾದರೂ ಇದೆಯೇ ಎಂದು ನೋಡಿಕೊಳ್ಳಲಿ. ಮಕ್ಕಳು ಕೇಳದೆ ಬಿಡರು.