ಅಂಟಕ್ಕಿ ಮತ್ತ ಎರಡು ಕುಟ್ಟಾಣಿ

ಥಾಯ್ ಅಡಗಿ ಅಂದ್ರ ತೆಂಗಿನಹಾಲಿನ ಕರಿ ಅಂತ ನಮ್ಮವರು ತಿಳಕೊಂಡಾರ. ಬ್ಯಾಂಕಾಕಿನ ನಮ್ಮ ಎದುರುಮನಿಯಾಕಿಗೆ ಹಂಗಂದ್ರ ನಗು ಬರ್ತದ. ಅಕಿದು ಈಸಾನ್, ಅಂದ್ರ ಥಾಯ್ಲಂಡಿನ ಈಶಾನ್ಯದ 20 ಪ್ರಾಂತ್ಯಗಳ ಸೀಮಿ. ಆ ಹೆಸರು ಬಂದದ್ದೂ ಸಂಸ್ಕೃತದ 'ಈಶಾನ'ದಿಂದನ. ಅಲ್ಲಿ ತೆಂಗಿನಹಾಲು ಕಡಿಮಿ. ಅಂಟಕ್ಕಿ ಅನ್ನ, ಸುಟ್ಟಿದ್ದು, ಕುಟ್ಟಿದ್ದು, ಹುಳಿ-ಖಾರ ಜಾಸ್ತಿ. ನನಗಿಂತ ದೊಡ್ಡಾಕಿ ಅಂತ ಅಕಿಗೆ ನಾ 'ಪೀ' ಅಂತೀನಿ. ಇಲ್ಲಿ ಅಕ್ಕಗೂ ಅಣ್ಣಗೂ ಅದ ಒಂದ ಶಬ್ದ.

ಪೀಗೆ ಒಬ್ಬಾಕಿನ ಕೂತು ಉಣ್ಣೂದು ಸೇರೂದಿಲ್ಲ. ಅವರ ಊರಾಗ ಚಾಪಿ ಹಾಸಿ, ಪದಾರ್ಥ ಎಲ್ಲಾರ ನಡುವ ಇಟ್ಟು ಉಣ್ತಾರ. ನಮ್ಮ ಮನ್ಯಾಗ ನೋಡಿದ್ರ ಮೀನ ತಿನ್ನಂಗಿಲ್ಲ. ಇಲ್ಲಿ ಉಪ್ಪಿನ ಜಾಗಾದಾಗ ಮೀನಿನ ಸಾಸು. ಈಸಾನದಾಗ ಅದರ ಮ್ಯಾಲೆ 'ಪ್ಲಾ ರಾ', ಅಂದ್ರ ಹೊಳಿ ಮೀನಕ್ಕ ಉಪ್ಪು, ತೌಡು ಹಾಕಿ ತಿಂಗಳಗಟ್ಟಲೆ ಹುಳಿ ಬರಸಿದ್ದು. ಅದಿಲ್ಲದ ಸೋಮ್ ತಾಮ್ ಅಕಿಗೆ ಸಪ್ಪ. ಅದಿದ್ರ ನಂಗ ಮುಟ್ಟಲಿಕ್ಕೆ ಬರೂದಿಲ್ಲ. ಹಂಗಾರ ಕೂಡಿ ಉಣ್ಣೂದು ಹೆಂಗ?

ಅನ್ನದಿಂದ ಸುರು ಮಾಡಿದ್ವಿ. ಅಂಟಕ್ಕಿ ರಾತ್ರಿನ ನೆನಿಹಾಕಬೇಕು. ಬೆಳಿಗ್ಗೆ ಬಸದು, ಕೆಳಗ ಚೂಪಾಗಿರೂ ಬಿದಿರಿನ ಬುಟ್ಟಿಗೆ ಹಾಕಿ, ಕುದಿಯೂ ನೀರಿನ ಪಾತ್ರಿ ಮ್ಯಾಲೆ ಕೂಡಸಬೇಕು. ನೀರು ಅಕ್ಕಿಗೆ ತಾಗಬಾರದು. 20-25 ನಿಮಿಷ ಉಗಿಯಾಗ ಬೇಯಸೂದು, ನಡುವ ಒಮ್ಮೆ ಇಡೀ ಮುದ್ದಿ ಹೊರಳಿಸಿ ಹಾಕೂದು. ಇಳಿಸಿ ಹರವಿ, ಉಗಿ ಬಿಡಿಸಿ, 'ಕ್ರತಿಪ್' ಅನ್ನೂ ಮುಚ್ಚಳದ ಬಿದಿರು ಬುಟ್ಟಿಯಾಗ ತುಂಬಬೇಕು. ಹೊಲಕ್ಕ ಹೋಗೂವಾಗ ಅದನ್ನ ಒಯ್ತಾರಂತ, ನಮ್ಮಲ್ಲಿ ರೊಟ್ಟಿ ಬುತ್ತಿ ಒಯ್ದಂಗ. ಚಮಚ ಬ್ಯಾಡ, ಬೆರಳಾಗ ಸಣ್ಣ ಉಂಡಿ ಮಾಡಿ, ಅದ್ದಿ ತಿನ್ನೂದು. ರೊಟ್ಟಿ ಮುರದು ಪಲ್ಯಾ ಹಚ್ಚಿಕೊಳ್ಳೂ ಕೈಗೆ ಇದನ್ನೇನು ಕಲಿಸಬೇಕಾಗಿಲ್ಲ ನೋಡ್ರಿ.

ಇನ್ನ ಸೋಮ್ ತಾಮ್. ಸೋಮ್ ಅಂದ್ರ ಹುಳಿ, ತಾಮ್ ಅಂದ್ರ ಕುಟ್ಟೂದು. ಇದಕ್ಕ ಮಣ್ಣಿನ ಕುಟ್ಟಾಣಿ, ಕಟಗಿ ಗುಂಡು ಬೇಕು. ಕಲ್ಲಿಂದು ಆದ್ರ ಕಾಯಿ ನುಣ್ಣಗಾಗಿ ನೀರು ಬಿಡ್ತದ. ಬಳ್ಳೊಳ್ಳಿ, ಮೆಣಸಿನಕಾಯಿ ಮದ್ಲ ಜಜ್ಜಿ, ಆಮ್ಯಾಲೆ ತಾಳೆಬೆಲ್ಲ, ಅಲಸಂದಿಕಾಯಿ, ಟೊಮ್ಯಾಟೊ, ನಿಂಬಿರಸ, ಕಡೀಕ ಉದ್ದಕ ಹೆರದ ಪಪ್ಪಾಯಿಕಾಯಿ. ಒಂದು ಕೈಯಿಂದ ಕುಟ್ಟೂದು, ಇನ್ನೊಂದು ಕೈಯಾಗಿನ ಚಮಚದಿಂದ ಹೊರಳಸೂದು.

ಅಕಿ ಕುಟ್ಟಾಣಿ ಅಕಿ ಮನ್ಯಾಗ, ನನ್ನ ಕುಟ್ಟಾಣಿ ನಮ್ಮ ಮನ್ಯಾಗ. ನಂದ್ರಾಗ ಉಪ್ಪು, ಒಂದಿಷ್ಟು ಹುಣಸಿರಸ, ಹುರದ ಶೇಂಗಾ. ಎರಡೂ ಮನಿ ಬಾಗಲದ ನಡುವ ಚಾಪಿ. ಪೀ ನಂದು ತಿಂದು 'ಅರೊಯ್' ಅಂದ್ಲು, ರುಚಿ ಅದ ಅಂತ. ಆಮ್ಯಾಲೆ, "ಆದ್ರ ನಮ್ಮವ್ವ ಮಾಡೂದು ಹಿಂಗಿರೂದಿಲ್ಲ" ಅಂದ್ಲು.

ಇರೂದಿಲ್ಲ ಖರೇನ. ಪ್ಲಾ ರಾ ತಗದು, ಇದ ಅಸಲಿ ಈಸಾನ್ ಅಡಗಿ ಅಂತ ನಾ ಯಾಕ ಹೇಳ್ಲಿ? ಅಕಿ ಅವ್ವನ ಕೈರುಚಿಗೆ ಮರ್ಯಾದಿ ಕೊಡೂದಂದ್ರ ನಂದಕ್ಕ ಪಪ್ಪಾಯಿ ಕೋಸಂಬ್ರಿ ಅನ್ನೂದು. ಅನ್ನಕ್ಕ ಮಾತ್ರ ಇಬ್ರೂ ಒಂದ ಬುಟ್ಟಿಯಾಗ ಕೈ ಹಾಕ್ತೀವಿ. ಅದರಾಗ ಬದಲಿ ಮಾಡೂದು ಏನೂ ಇಲ್ಲ.

ಬರೂ ಐತವಾರ ಅಣಬಿ ಲಾಬ್ ಮಾಡೂದದ. ಅಂಟಕ್ಕಿ ಕೆಂಪಗ ಹುರದು ರವಾದಂಗ ಕುಟ್ಟೂ ಕೆಲಸ ನಂದು.